ಗೋವಾಕ್ಕೆ ಬರುವ ತಮ್ಮನಿಗೆ, ಚಾಕುವಿನ ವಿಷಯ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಹಾವೇರಿಯಲ್ಲಿ ಮಾವನ ಮಟನ್ ಅಂಗಡಿಯಲ್ಲಿ ಆರು ವರ್ಷ ನಿನ್ನ ಕೈ ಪಳಗಿದೆ. ದಕ್ಷಿಣ ಗೋವಾದ ಹೋಟೆಲೊಂದರಲ್ಲಿ ಮಾಂಸ ಕತ್ತರಿಸುವ ಕೆಲಸ ಸಿಕ್ಕಿದೆ. ಕೆನಡಾದ ಭಾವ ಬೇಟೆಯ ಚಾಕು ಕೊಟ್ಟಿದ್ದಾರೆ, ಜಿಂಕೆ ಚರ್ಮ ಸುಲಿಯುವಂಥದ್ದು, ಕೊಂಬಿನ ಹಿಡಿ, ಬೆನ್ನ ಮೇಲೆ ಕೊಕ್ಕೆ. ಅದನ್ನೇ ತರಲಾ, ಬೇರೆ ಕೊಳ್ಳಲಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ನಾನು ರಾಣೆಬೆನ್ನೂರಿನವನು, ಮಡಗಾಂವಕ್ಕೆ ಬಂದು 21 ವರ್ಷವಾಯಿತು. ಇದೇ ಕಸುಬು.

ಆ ಚಾಕು ಮನೆಯಲ್ಲೇ ಇರಲಿ. ಮೊದಲನೇ ಕಾರಣ ಅದರ ಹಿಡಿ. ನಮ್ಮ ದೇಶದಲ್ಲಿ ಕಾಗದಪತ್ರ ಇಲ್ಲದೆ ಜಿಂಕೆ ಕೊಂಬು ಇಟ್ಟುಕೊಂಡರೆ ಕೇಸು. ನಿನ್ನದು ಕೆನಡಾದ ಜಿಂಕೆ ಇರಬಹುದು. ಆದರೆ ಯಾವ ದೇಶದ್ದು ಅಂತ ಕೊಂಬಿನ ಮೇಲೆ ಬರೆದಿರೋದಿಲ್ಲ ಅಲ್ವಾ? ಹೊಸ ಊರಿಗೆ ಕಾಲಿಡುವಾಗಲೇ ಪೊಲೀಸರ ಮುಂದೆ ಇದನ್ನೆಲ್ಲ ವಿವರಿಸುತ್ತ ನಿಲ್ಲೋದು ಬೇಡ.

ಹಾಗಂತ ಅದು ಕೆಟ್ಟ ಚಾಕು ಅಲ್ಲ. ಫೋಟೊ ನೋಡಿದೆ. ಅಲಗು ನಾಲ್ಕು ಇಂಚು, ಹೊಟ್ಟೆ, ಅಂದರೆ ಕತ್ತರಿಸುವ ಅಂಚು, ಚೆನ್ನಾಗಿ ಬಾಗಿದೆ, ಬೆನ್ನು ಮೆಲ್ಲಗೆ ಇಳಿದು ತುದಿ ಸೇರಿದೆ. ಕೆನಡಾದಲ್ಲಿ ಬೇಟೆಯ ದೊಡ್ಡ ಪ್ರಾಣಿ ಕಾಡಿನಲ್ಲಿ ಬೀಳುತ್ತದೆ. ಮೈಯ ಬಿಸಿ ಒಳಗೇ ಉಳಿದರೆ ಮಾಂಸ ಕೆಡುತ್ತದೆ, ಅದಕ್ಕೆ ಬೇಗ ಕರುಳು ತೆಗೆದು ಚರ್ಮ ಬಿಡಿಸುತ್ತಾರೆ. ಬಾಗಿದ ಹೊಟ್ಟೆ ಇದ್ದರೆ ಚರ್ಮಕ್ಕೂ ಮಾಂಸಕ್ಕೂ ನಡುವಿನ ಬಿಳಿ ಪೊರೆಯನ್ನು ಉದ್ದಕ್ಕೆ ಸವರಿಕೊಂಡು ಹೋಗಬಹುದು. ತುದಿ ಕೆಳಗಿದ್ದರೆ ಕರುಳಿಗೆ ಚುಚ್ಚೋದು ಕಮ್ಮಿ. ಕೊಕ್ಕೆ ಇರೋದು ಪ್ರಾಣಿಯ ಹೊಟ್ಟೆಯನ್ನು ಜಿಪ್ ಎಳೆದ ಹಾಗೆ ಸೀಳಲಿಕ್ಕೆ. ನನಗೆ ಕೊಕ್ಕೆ ಸೇರುವುದಿಲ್ಲ. ಒಳಗೆ ಕೂದಲು, ಕೊಬ್ಬು ಸಿಕ್ಕಿಕೊಳ್ಳುತ್ತದೆ, ಮಸೆಯೋದು ದೊಡ್ಡ ತಲೆನೋವು. ಸುಲಿಯುವ ಚಾಕು ಕೊಳ್ಳುವವರು ಯಾರಾದರೂ ಕೇಳಿದರೆ ಇಷ್ಟು ಹೇಳು: ಕೊಕ್ಕೆ ಬೇಡ, ಅಲಗಿನ ಉಕ್ಕು ಹಿಡಿಯ ಕೊನೆವರೆಗೂ ಓಡಿರಬೇಕು, ರಕ್ತ ಕೊಬ್ಬು ಹತ್ತಿದ ಕೈಯಲ್ಲೂ ಜಾರಬಾರದು.

ಇನ್ನೊಂದು ವಿಷಯ ನಿನಗೆ ಗೊತ್ತೇ ಇರುತ್ತದೆ. ಕೂದಲ ಮೇಲಿಂದ ಕತ್ತರಿಸಬಾರದು. ಕೂದಲಲ್ಲಿ ಮಣ್ಣು ಇರುತ್ತದೆ, ಎರಡು ಗೀರಿಗೆ ಚಾಕು ಮೊಂಡಾಗುತ್ತದೆ. ಸಣ್ಣ ತೂತು ಮಾಡಿ, ಅಲಗನ್ನು ಒಳಗೆ ತೂರಿಸಿ, ಬಾಯಿ ಮೇಲೆ ಮಾಡಿ ಒಳಗಿನಿಂದ ಹೊರಗೆ ಸೀಳಬೇಕು. ಜಿಂಕೆಗೂ ಅಷ್ಟೇ, ನಮ್ಮ ಕುರಿಗೂ ಅಷ್ಟೇ. ಆದರೆ ಕುರಿಗೆ ಚಾಕು ಬೇಕಾಗೋದು ಅಲ್ಲಿಗೇ ಮುಗಿಯಿತು. ಆಮೇಲೆ ಮುಷ್ಟಿ ತೂರಿಸಿ ತಳ್ಳಿದರೆ ಅಂಗಿ ಬಿಚ್ಚಿದ ಹಾಗೆ ಬರುತ್ತದೆ.

ಎರಡನೇ ಕಾರಣ ಇನ್ನೂ ಸರಳ. ಹೋಟೆಲಿನಲ್ಲಿ ನೀನು ಏನನ್ನೂ ಸುಲಿಯೋದಿಲ್ಲ! ಕುರಿ ಸುಲಿದೇ ಬರುತ್ತದೆ, ಕೊಕ್ಕೆಗೆ ನೇತು ಹಾಕೋದಷ್ಟೇ. ಇಲ್ಲಿ ಹಂದಿ ಮಾಂಸ ಜಾಸ್ತಿ, ಅದರ ಚರ್ಮವನ್ನಂತೂ ಸುಲಿಯೋದೇ ಇಲ್ಲ. ಬಿಸಿ ನೀರು ಹಾಕಿಯೋ ಸುಟ್ಟೋ ಕೂದಲು ಕೆರೆದು ತೆಗೆಯುತ್ತಾರೆ. ಸೊರಪೊತೆಲ್ ಅನ್ನುವ ಇಲ್ಲಿಯ ಹಂದಿ ಮಾಂಸದ ಅಡುಗೆ ಮಾಡುವವರಿಗೆ ಆ ಚರ್ಮ, ಆ ಕೊಬ್ಬು ಬೇಕೇ ಬೇಕು. ಮೊದಲ ವಾರ ನಾನು ಬುದ್ಧಿವಂತಿಕೆ ತೋರಿಸಲಿಕ್ಕೆ ಹೋಗಿ ಒಂದು ತೊಡೆಯ ಚರ್ಮ ನೀಟಾಗಿ ಬಿಡಿಸಿ ಇಟ್ಟೆ. ಅಡುಗೆಯವರು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

ನಿನಗೆ ಬೇಕಾದ್ದು ಮೂಳೆ ಬಿಡಿಸುವ ಚಾಕು. ಆರು ಇಂಚು, ಸಪೂರ ಅಲಗು, ಜಾಸ್ತಿ ಬಳುಕದಿದ್ದರೆ ಒಳ್ಳೆಯದು. ಪ್ಲಾಸ್ಟಿಕ್ ಹಿಡಿ ತಗೋ, ಮರದ್ದಕ್ಕೆ ಹೋಟೆಲಿನವರು ಒಪ್ಪೋದಿಲ್ಲ, ಸಂದಿಯಲ್ಲಿ ರಕ್ತ ಕೂರುತ್ತದೆ. ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ ಅಂತ ಬಣ್ಣದ ಲೆಕ್ಕ ಬಹಳ ಕಡೆ ಇದೆ, ಅದಕ್ಕೆ ಸೇರಿಕೊಂಡ ಮೇಲೆ ಕೇಳಿಯೇ ಕೊಳ್ಳು. ತೀರಾ ಗಟ್ಟಿ ಉಕ್ಕಿನ ಹಿಂದೆ ಹೋಗಬೇಡ. ಗಟ್ಟಿ ಉಕ್ಕಿನ ಹರಿತ ಜಾಸ್ತಿ ದಿನ ನಿಲ್ಲುತ್ತದೆ, ನಿಜ. ಆದರೆ ಮೂಳೆಗೆ ತಾಗಿದರೆ ಚಕ್ಕೆ ಏಳುತ್ತದೆ. ಮೆತ್ತಗಿನದ್ದನ್ನು ಉಕ್ಕಿನ ಕೋಲಿಗೆ ನಾಲ್ಕು ಸಲ ಸವರಿದರೆ ಮತ್ತೆ ಕೆಲಸಕ್ಕೆ ರೆಡಿ.

ಈಗ ಮಳೆಯ ಕಥೆ. ನಾನು ಬರುವಾಗ ನಮ್ಮೂರ ಕಮ್ಮಾರರು ಮಾಡಿಕೊಟ್ಟ ಚೂರಿ ತಂದಿದ್ದೆ. ಲಾರಿ ಪಟ್ಟಿಯ ಉಕ್ಕು, ಊರಲ್ಲಿ ಹತ್ತು ವರ್ಷ ಅದಕ್ಕೆ ಏನೂ ಆಗಿರಲಿಲ್ಲ. ಜುಲೈನಲ್ಲಿ ತಂಗಿಯ ಮದುವೆಗೆ ಊರಿಗೆ ಹೋದೆ, ಚೂರಿಯನ್ನು ಚರ್ಮದ ಒರೆಯಲ್ಲಿ ಹಾಕಿ ಟ್ರಂಕಿನಲ್ಲಿಟ್ಟೆ. 15 ದಿನಕ್ಕೆ ಬಂದು ಎಳೆದರೆ ಒರೆಯಿಂದ ಹೊರಗೇ ಬರಲಿಲ್ಲ. ಜಗ್ಗಿ ತೆಗೆದಾಗ ಅಲಗಿನ ತುಂಬ ಸಾಸಿವೆ ಕಾಳಿನಷ್ಟು ತುಕ್ಕಿನ ಕುಳಿ. ಚರ್ಮ ತೇವ ಹೀರಿಕೊಂಡು ಹಾಗೇ ಹಿಡಿದುಕೊಳ್ಳುತ್ತದೆ ತಮ್ಮಾ. ಒರೆ ಇರೋದು ಸೊಂಟಕ್ಕೆ ಕಟ್ಟಿಕೊಳ್ಳಲಿಕ್ಕೆ, ಇಡಲಿಕ್ಕೆ ಅಲ್ಲ. ಭಾವನ ಚಾಕುವನ್ನೂ ಒರೆಯಿಂದ ತೆಗೆದು, ತೆಳ್ಳಗೆ ಎಣ್ಣೆ ಸವರಿ, ಒಣ ಬಟ್ಟೆ ಸುತ್ತಿ ಇಡು.

ಇಲ್ಲಿ ಸ್ಟೇನ್‌ಲೆಸ್ಸಿಗೂ ತುಕ್ಕು ಹಿಡಿಯುತ್ತದೆ, ನಿಧಾನ ಅಷ್ಟೇ. ರಕ್ತದಲ್ಲಿ ಉಪ್ಪಿದೆ, ಗಾಳಿಯಲ್ಲೂ ಉಪ್ಪು, ಅಡುಗೆಮನೆಯಲ್ಲಿ ವಿನೆಗರ್, ಕೋಕಂ. ಕೆಲಸ ಮುಗಿದ ಕೂಡಲೇ ಕೈಯಲ್ಲೇ ಸೋಪು ಹಾಕಿ ತೊಳೆ, ಆಗಲೇ ಒರೆಸು. ಸಿಂಕಿನಲ್ಲಿ ನೆನೆಯಲು ಬಿಡಬೇಡ, ಪಾತ್ರೆ ತೊಳೆಯುವ ಮಷೀನಿಗಂತೂ ಹಾಕಲೇಬೇಡ. ಎಣ್ಣೆ ಅಂದರೆ ತಿನ್ನುವ ಪದಾರ್ಥಕ್ಕೆ ತಾಗಬಹುದಾದ ಎಣ್ಣೆ, ಹೊಲಿಗೆ ಮಷೀನಿನದ್ದಲ್ಲ. ನಾನು ಎರಡು ಹನಿ ಕೊಬ್ಬರಿ ಎಣ್ಣೆ ಹಾಕುತ್ತೇನೆ.

ಮಸೆಯೋದಕ್ಕೆ 1000 ನಂಬರಿನ ಒಂದು ಕಲ್ಲು ಸಾಕು. ಸುಮಾರು 20 ಡಿಗ್ರಿ ಓರೆ, ಒಂದೇ ಓರೆಯಲ್ಲಿ ಎಳೆ. ಇನ್ನೊಂದು ಬದಿಗೆ ಸಣ್ಣ ತರಿ ಎದ್ದು ಬೆರಳಿಗೆ ಗರಗರ ಅನ್ನಿಸುವವರೆಗೆ ಬದಿ ಬದಲಿಸಬೇಡ. ಸೈಕಲ್ ಸಾಣೆಯವರ ಕೈಗೆ ಒಳ್ಳೆ ಚಾಕು ಕೊಡಬೇಡ, ಆ ಚಕ್ರದ ಕಿಡಿಗೆ ಅಲಗಿನ ಬಾಯಿ ಕಾದು ಮೆತ್ತಗಾಗುತ್ತದೆ. ನನ್ನ ಎಡಗೈ ಹೆಬ್ಬೆರಳ ಗಾಯ ಮೊಂಡು ಚಾಕುವಿನದ್ದೇ. ಒತ್ತಿದೆ, ಜಾರಿತು, ಐದು ಹೊಲಿಗೆ. ಸಣ್ಣ ಉಕ್ಕಿನ ಬಳೆಗಳನ್ನು ಹೆಣೆದು ಮಾಡಿದ ಗ್ಲೌಸು ಕೊಟ್ಟರೆ ನಾಚಿಕೆ ಬಿಟ್ಟು ಹಾಕಿಕೋ.

ಬದುಕಿನ ವಿಷಯಕ್ಕೆ ಬಂದರೆ, ಸೀಸನ್ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಆಗ ರಜೆ ಕೇಳಬೇಡ. ಮಳೆಗಾಲದಲ್ಲಿ ಕೆಲವು ಕಡೆ ಆಳು ಕಮ್ಮಿ ಮಾಡುತ್ತಾರೆ, ಸೇರುವ ಮೊದಲೇ ಕೇಳಿಕೋ. ಕೊಂಕಣಿ ಕಲಿ, ಚಾಕುವಿಗೆ ಇಲ್ಲಿ ಸುರಿ ಅನ್ನುತ್ತಾರೆ. ಘಟ್ಟದ ಮೇಲಿನವರು ಅಂತ ಯಾರಾದರೂ ‘ಘಾಂಟಿ’ ಅಂದರೆ ಕೋಪ ಬರುತ್ತದೆ, ನನಗೂ ಬರುತ್ತಿತ್ತು. ಈಗ ಹಾಗೆ ಅಂದವರೇ ಕ್ರಿಸ್ಮಸ್ಸಿಗೆ ಮನೆಗೆ ಕರೆದು ಚಾಕು ಮಸೆಸಿಕೊಂಡು ಊಟ ಹಾಕುತ್ತಾರೆ. ವಾಸ್ಕೋ ಕಡೆ ಹೋದರೆ ನಮ್ಮವರು ಬೇಕಾದಷ್ಟು ಜನ, ಜೋಳದ ರೊಟ್ಟಿಗೆ ಕೊರತೆ ಇಲ್ಲ.

ಮೊಲ್ಲೆಂ ಕಾಡಿನ ಕಡೆ ಹಂದಿ ಹೊಡೆಯಲಿಕ್ಕೆ ಕರೆಯುವ ಗೆಳೆಯರು ಸಿಗಬಹುದು. ‘ನೀನು ಸುಲಿಯೋದರಲ್ಲಿ ಎತ್ತಿದ ಕೈ, ಬಾ’ ಅನ್ನುತ್ತಾರೆ. ಹೋಗಬೇಡ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಜೈಲಿನ ದಾರಿ. ಭಾವನ ಕೆನಡಾದಲ್ಲಿ ಲೈಸೆನ್ಸ್ ಕೊಟ್ಟು ಬೇಟೆ ಆಡಿಸುತ್ತಾರೆ, ಇಲ್ಲಿಯ ಮಾತೇ ಬೇರೆ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ದೂಧಸಾಗರ ದಾಟಿ ಮಡಗಾಂವದಲ್ಲಿ ಇಳಿ, ಫೋನ್ ಮಾಡು, ಸ್ಕೂಟರ್ ತಗೊಂಡು ಬರುತ್ತೇನೆ. ಚಾಕು ಇಲ್ಲೇ ನೋಡಿ ಕೊಳ್ಳೋಣ. ಬರುವಾಗ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿ ಹಾಕಿಕೊಂಡು ಬಾ, ದುಡ್ಡು ಕೊಡುತ್ತೇನೆ.