ಹಿಂಪಡೆದ ಕಿಡ್ನಿ ಅಧ್ಯಯನ ನಮ್ಮ ಪ್ರಬಂಧದಲ್ಲಿ ಸೇರಿಬಿಟ್ಟಿದೆ, ತಿದ್ದುವುದು ಹೇಗೆ?

ಹಳೇ ರಿವ್ಯೂ ಲೇಖನದಿಂದ ಆ ಉಲ್ಲೇಖವನ್ನು ಹಾಗೇ ಎತ್ತಿಕೊಂಡಿದ್ದೀರಿ ಅನಿಸುತ್ತದೆ. ನೀವು ಹೇಳಿದ ಕೋಆಪರೇಟ್ ಅಧ್ಯಯನ, ಅಂದರೆ ಎರಡು ಬಗೆಯ ಬಿಪಿ ಔಷಧಿ ಒಟ್ಟಿಗೆ ಕೊಟ್ಟರೆ ಕಿಡ್ನಿಗೆ ಒಳ್ಳೆಯದು ಎಂದದ್ದು, 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. 2009ರಲ್ಲಿ ಅದೇ ಜರ್ನಲ್ ಅದನ್ನು ಹಿಂಪಡೆಯಿತು, ಅಂದರೆ ಇನ್ನು ನಂಬಬೇಡಿ ಎಂದು ರಿಟ್ರ್ಯಾಕ್ಟ್ ಮಾಡಿತು. ಮುಂಚೆ ಇಳಿಸಿಕೊಂಡ ಪಿಡಿಎಫ್‌ನಲ್ಲಿ ಇದು ಗೊತ್ತಾಗುವುದಿಲ್ಲ. ದಾವಣಗೆರೆಯಲ್ಲಿ ನಮ್ಮ ಪಿಜಿ ವಿದ್ಯಾರ್ಥಿಗಳ ಪೆನ್‌ಡ್ರೈವ್‌ಗಳಲ್ಲಿ ಓಡಾಡುವುದೂ ಇಂಥ ಹಳೇ ಪ್ರತಿಗಳೇ ಅಲ್ವಾ!

ಮೊದಲು ನಿಮ್ಮ ಉಳಿದ ಉಲ್ಲೇಖಗಳನ್ನೂ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ಹಾಕಿ ನೋಡಿ. ಹಿಂಪಡೆದದ್ದಾದರೆ ಅಲ್ಲೇ ತೋರಿಸುತ್ತದೆ. ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದೇ ಎಚ್ಚರಿಸುತ್ತದೆ.

ಆಮೇಲೆ ಆ ಉಲ್ಲೇಖ ಯಾವ ಕೆಲಸ ಮಾಡುತ್ತಿದೆ ನೋಡಿ. ಇದೇ ಮುಖ್ಯ. ಪೀಠಿಕೆಯಲ್ಲಿ ಸುಮ್ನೆ ಒಂದು ಸಾಲಾದರೆ ಚಿಕ್ಕ ತಿದ್ದುಪಡಿ ಸಾಕಾಗಬಹುದು. ಎಸಿಇ ಇನ್‌ಹಿಬಿಟರ್, ಎಆರ್‌ಬಿ ಎಂಬ ಆ ಎರಡು ಬಗೆಯ ಬಿಪಿ ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಕಿಡ್ನಿಗೆ ಒಳ್ಳೆಯದು ಎಂದು ಅದರ ಮೇಲೇ ವಾದ ಕಟ್ಟಿದ್ದರೆ ಆ ಭಾಗ ಪೂರ್ತಿ ಬದಲಾಗಬೇಕು. ಮಧುಮೇಹದ ಕಿಡ್ನಿ ರೋಗಿಗಳ ಮೇಲಿನ ವಿಎ ನೆಫ್ರಾನ್-ಡಿ ಅಧ್ಯಯನದಲ್ಲಿ ಇದೇ ಜೋಡಿಯಿಂದ ಪೊಟ್ಯಾಸಿಯಂ ಏರಿತು, ಕಿಡ್ನಿಗೆ ಹಠಾತ್ ಪೆಟ್ಟು ಬಿತ್ತು. ಅದನ್ನು ನಡುವೆಯೇ ನಿಲ್ಲಿಸಿ 2013ರಲ್ಲಿ ಪ್ರಕಟಿಸಿದರು. ನಿಮ್ಮದು ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸುವ ಮೆಟಾ ಅನಾಲಿಸಿಸ್ ಆದರೆ ಕೋಆಪರೇಟ್‌ನ ಅಂಕಿಗಳನ್ನು ಬಿಟ್ಟು ಲೆಕ್ಕ ಮತ್ತೆ ಹಾಕಿ.

ಗೈಡ್‌ಗೆ ಮುಚ್ಚಿಡಬೇಡಿ. ಸಹಲೇಖಕರೆಲ್ಲ ಒಪ್ಪಿದ ಮೇಲೆ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಆಥರ್ ಕಡೆಯಿಂದಲೇ ನಿಮ್ಮ ಪ್ರಬಂಧ ಹಾಕಿದ ಜರ್ನಲ್‌ನ ಸಂಪಾದಕರಿಗೆ ಮೇಲ್ ಹೋಗಲಿ. ಉಲ್ಲೇಖದ ಸಂಖ್ಯೆ, ಹಳೇ ವಾಕ್ಯ, ಹೊಸ ವಾಕ್ಯ, ತೀರ್ಮಾನ ಬದಲಾಗುತ್ತದೋ ಇಲ್ಲವೋ, ಇಷ್ಟು ಬರೆದರೆ ಸಾಕು. ಜಾಸ್ತಿ ಕ್ಷಮೆ ಕೇಳಬೇಕಿಲ್ಲ. ತಿದ್ದುಪಡಿ ಹಾಕುವುದು ಬಿಡುವುದು ಅವರ ತೀರ್ಮಾನ. ನಾನು ಹೀಗೆ ಬರೆದಾಗ ಎರಡು ಸಲ ನೆನಪಿಸಿದ ಮೇಲೆ ಉತ್ತರ ಬಂತು. ಥೀಸಿಸ್‌ನಲ್ಲೂ ಅದೇ ಸಾಲಿದ್ದರೆ ಸಲ್ಲಿಸುವ ಮುಂಚೆಯೇ ಸರಿಮಾಡಿಕೊಳ್ಳಿ.