ಕಾರಣ ಸಿಗದ ಗಂಧೆ, ಬರಿದಾಗುತ್ತ ಹೋದ ಬಟ್ಟಲು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ಕೃಷಿಕರ ಮನೆಯ, ಸುಮಾರು ನಲುವತ್ತರ ಗೃಹಿಣಿಯೊಬ್ಬರು ಅತ್ತೆಯೊಂದಿಗೆ ನನ್ನಲ್ಲಿಗೆ ಬಂದಾಗ, ಅವರ ಮೈಯಲ್ಲಿ ಗಂಧೆ (ತುರಿಸುವ ದದ್ದು, ಅರ್ಟಿಕೇರಿಯಾ) ಏಳತೊಡಗಿ 7 ತಿಂಗಳಾಗಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಚರ್ಮತಜ್ಞರು ದಿನಕ್ಕೊಂದು ಮಾತ್ರೆ ಬರೆದು, ಹೊರಗಿನ ಕಾರಣ ಯಾವುದೂ ಕಾಣುವುದಿಲ್ಲ ಎಂದಿದ್ದರು. ಊಟದ ಸಲಹೆಗೆಂದು ನನ್ನಲ್ಲಿಗೆ ಕಳುಹಿಸಿದವರೂ ಅವರೇ. ಗಂಧೆಗಿಂತ ಆಕೆ ಊಟ ಬಿಡುತ್ತಿರುವುದೇ ಅವರಿಗೆ ಹೆಚ್ಚಿನ ಚಿಂತೆಯಾಗಿತ್ತು.

ಮೊದಲು ಬದನೆ, ಆಮೇಲೆ ಗೇರುಬೀಜ, ಹಲಸು, ಉದ್ದು, ಮೊಸರು: ಗಂಧೆ ಎದ್ದ ದಿನ ಬಟ್ಟಲಲ್ಲಿ ಏನಿತ್ತೋ ಅದು ಮರುದಿನದಿಂದ ವರ್ಜ್ಯ. ತಾವಾಗಿಯೇ ಮಾಡಿಸಿದ ಅಲರ್ಜಿಯ ರಕ್ತಪರೀಕ್ಷೆಯ ವರದಿ ಇನ್ನಷ್ಟು ಹೆಸರುಗಳನ್ನು ಸೇರಿಸಿತ್ತು. ಗಂಜಿ, ಹೆಸರುಬೇಳೆ ತೊವ್ವೆಗಳಲ್ಲೇ ದಿನ ಕಳೆಯುತ್ತಿದ್ದ ಅವರು 6 ಕಿಲೋ ಇಳಿದಿದ್ದರು. ಗಂಧೆ ಮಾತ್ರ ಇಳಿದಿರಲಿಲ್ಲ. "ಇದು ನಾಗದೋಷವೇ ಇರಬೇಕು" ಎಂದು ಅತ್ತೆ ನಿಟ್ಟುಸಿರಿಟ್ಟರು. "ಅಮ್ಮಾ, ಸೇವೆ ಮಾಡಿಸುವುದಾದರೆ ಮಾಡಿಸಿ, ಮಾತ್ರೆ ನಿಲ್ಲಿಸಬೇಡಿ" ಎಂದೆ. ನಂಬಿಕೆಯೊಂದಿಗೆ ವಾದಕ್ಕಿಳಿದರೆ ಸೊಸೆಗೇ ಕಷ್ಟ.

ಆರು ವಾರ ಮೀರಿದ ಗಂಧೆಯಲ್ಲಿ ಬಹುತೇಕ ಆಹಾರ ಕಾರಣವಾಗಿರುವುದಿಲ್ಲ. ಚರ್ಮದ ಕೆಲವು ಕೋಶಗಳು ತಾವಾಗಿಯೇ, ಎಷ್ಟೋ ಸಲ ದೇಹದ ಸ್ವಂತ ಪ್ರತಿಕಾಯಗಳ ಪ್ರಚೋದನೆಯಿಂದ, ತುರಿಕೆ, ದದ್ದು ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಸಾಮಾನ್ಯವಾಗಿ ಒಂದೊಂದು ದದ್ದೂ 24 ಗಂಟೆಯೊಳಗೆ ಮಾಯವಾಗಿ ಬೇರೆಡೆ ಏಳುತ್ತದೆ. ಆಹಾರದ ಅಲರ್ಜಿಯಾದರೆ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ, ಅದೂ ಹೆಚ್ಚಾಗಿ ತಿಂದಾಗಲೆಲ್ಲ, ತೋರಬೇಕು. ಪರೀಕ್ಷೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಆ ಪದಾರ್ಥ ಅಪರಾಧಿಯಾಗುವುದಿಲ್ಲ ಎಂಬುದನ್ನು ಅವರಿಗೆ ಮನದಟ್ಟು ಮಾಡಿಸಲು ಎರಡು ಭೇಟಿಗಳೇ ಬೇಕಾದವು.

ಊಟದ ಲೆಕ್ಕವೊಂದೇ ಸಾಲದು, ನಿದ್ದೆ, ಸೆಕೆ, ಬಿಗಿಯುಡುಪು, ನುಂಗಿದ ಮಾತ್ರೆ ಎಲ್ಲವನ್ನೂ ಎರಡು ವಾರ ಬರೆದಿಡಲು ಹೇಳಿದೆ. ಅಡಿಕೆ ಸುಲಿದು ಬೆನ್ನು ನೋಯುವ ದಿನ ಮೆಡಿಕಲ್ಲಿನಿಂದ ತಂದು ನುಂಗುತ್ತಿದ್ದ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆ ಆ ಪುಸ್ತಕದಿಂದ ಬೆಳಕಿಗೆ ಬಂತು. ಮರುದಿನಗಳಲ್ಲೇ ಗಂಧೆ ಕೆರಳುತ್ತಿತ್ತು. ಇದು ಮೂಲ ಕಾರಣವಲ್ಲ, ಇದ್ದುದನ್ನು ಕೆರಳಿಸುವಂಥದ್ದು. ವೈದ್ಯರಿಗೆ ಏಕೆ ಹೇಳಲಿಲ್ಲ ಎಂದರೆ, ವೈದ್ಯರು ಮಲೆಯಾಳದಲ್ಲಿ ಕೇಳಿದಷ್ಟಕ್ಕೆ ಇವರು ತಲೆಯಾಡಿಸಿ ಬಂದಿದ್ದರಂತೆ. ನಮ್ಮ ಗಡಿನಾಡಿನ ಕನ್ನಡಿಗರಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇನೋ! ಮಗಳ ಕೈಯಲ್ಲಿ ಮಲೆಯಾಳದಲ್ಲೇ ಚೀಟಿ ಬರೆಸಿ ಒಯ್ಯುವಂತೆ ಸೂಚಿಸಿದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಗಂಧೆ ಎದ್ದಾಗಷ್ಟೇ ನುಂಗುತ್ತಿದ್ದ ಮಾತ್ರೆಯನ್ನು ವೈದ್ಯರು ಬರೆದಂತೆ ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ಪ್ರಮಾಣ ಹೆಚ್ಚಿಸುವುದು ವೈದ್ಯರಿಗೆ ಬಿಟ್ಟದ್ದು. ಬಿಟ್ಟ ಆಹಾರಗಳನ್ನು ಅವರ ಒಪ್ಪಿಗೆಯ ಮೇಲೆ ಒಂದೊಂದಾಗಿ ಮರಳಿ ತರಬೇಕು. ಪುನರ್ಪುಳಿ (ಕೋಕಂ) ಸಾರಿಗೆ ಅಡ್ಡಿಯಿಲ್ಲ, ಮಾತ್ರೆಯ ಬದಲಿಗೆ ಮಾತ್ರ ಅಲ್ಲ. ದದ್ದು ದಿನಕ್ಕಿಂತ ಹೆಚ್ಚು ಉಳಿದು ನೋಯತೊಡಗಿದರೆ ಅಥವಾ ಕಲೆ ಬಿಟ್ಟರೆ ಮತ್ತೆ ತೋರಿಸಬೇಕು. ನಾಲಿಗೆ, ಗಂಟಲು ಬಾತರೆ, ಉಸಿರು ಕಟ್ಟಿದರೆ, ತಲೆಸುತ್ತಿ ಕುಸಿದರೆ ಗಂಧೆಯ ಮಾತ್ರೆ ನುಂಗಿ ಕಾಯಬಾರದು. ಮಲಗಿಸಿ, ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ, ತಕ್ಷಣ 108ಕ್ಕೆ ಕರೆಮಾಡಬೇಕು. ಅಲ್ಲಿ ಬೇಕಾಗುವುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.

ನಾಲ್ಕನೆಯ ಭೇಟಿಯ ಹೊತ್ತಿಗೆ ಗಂಧೆ ವಾರಕ್ಕೆರಡು ಸಲಕ್ಕೆ ಇಳಿದಿತ್ತು, ಹೋಗಿರಲಿಲ್ಲ. ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು) ತಿಂದ ಮರುದಿನವೂ ಎದ್ದಿತ್ತಂತೆ. ಪುಸ್ತಕ ತೆರೆದು ತೋರಿಸಿದರು: ಕೊಟ್ಟಿಗೆಯ ಹೆಸರಿನ ಕೆಳಗೆ, "ಎರಡು ದಿನ ಮಾತ್ರೆ ಮರೆತಿದ್ದೆ" ಎಂದು ಬರೆದಿದ್ದರು.