ಡಿಟಿಎಚ್ ಬದಲಿಸಿದರೆ ಹಳೆ ಬಾಕ್ಸ್ ಗತಿ ಏನು: ಹೊಸನಗರದ ಪ್ರಶ್ನೆಗೆ ಉತ್ತರ

ಕಂಪನಿ ಬದಲಿಸುವಾಗ ಡಿಶ್, ಬಾಕ್ಸ್ ಎಲ್ಲ ಹೊಸದೇ ತಗೋಬೇಕಾ ಅಂತ ಕೇಳಿದ್ದೀರಿ. ಡಿಶ್, ಕಂಬ, ಆರ್‌ಜಿ-6 ಕೇಬಲ್ ಇರಲಿ, ಬಿಚ್ಚಬೇಡಿ. ಬಾಕ್ಸ್ ಮಾತ್ರ ಬೇರೆ ಕಂಪನಿಗೆ ಆಗುವುದಿಲ್ಲ.

ಒಳಗೆ ಸಿಗ್ನಲ್ ಹಿಡಿಯುವ ಟ್ಯೂನರ್, ಅದನ್ನು ಚಿತ್ರವಾಗಿ ಬಿಡಿಸುವ ಎಂಪೆಗ್-4 ಡಿಕೋಡರ್ ಎಲ್ಲರದ್ದೂ ಡಿವಿಬಿ ಎಂಬ ಡಿಜಿಟಲ್ ಟಿವಿ ಮಾನದಂಡದ್ದೇ. ಬೇರೆ ಇರುವುದು ಬೀಗ. ದುಡ್ಡು ಕಟ್ಟಿದವರಿಗಷ್ಟೇ ಚಾನೆಲ್ ತೆರೆಯುವ ವ್ಯವಸ್ಥೆ ಒಬ್ಬೊಬ್ಬರದು ಒಂದೊಂದು, ಅದನ್ನು ಬಾಕ್ಸ್‌ಗೇ ಕಟ್ಟಿಹಾಕಿರುತ್ತಾರೆ. ಈ ಬೀಗವನ್ನು ಬೇರೆ ಮಾಡ್ಯೂಲ್‌ನಲ್ಲಿಟ್ಟು ಟಿವಿಗೆ ಸಿಕ್ಕಿಸಬಹುದು. ಯುರೋಪಿನಲ್ಲಿ 30 ಸೆಂ.ಮೀ.ಗಿಂತ ದೊಡ್ಡ ಪರದೆಯ ಡಿಜಿಟಲ್ ಟಿವಿಗೆ ಅಂಥ ಮುಕ್ತ ಸಾಕೆಟ್ ಇರಲೇಬೇಕೆಂದು 2002ರಲ್ಲೇ ನಿಯಮವಾಯಿತು. ನಮ್ಮಲ್ಲೂ 2001ರ ಡಿಟಿಎಚ್ ಮಾರ್ಗಸೂಚಿಯಲ್ಲೇ ಬಾಕ್ಸ್ ಮುಕ್ತವಾಗಿರಬೇಕು, ಒಂದೇ ಕಂಪನಿಗೆ ಕಟ್ಟುಬಿದ್ದಿರಬಾರದು ಅಂತಿತ್ತು. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಈ ಬೀಗಕ್ಕೆ ಯುಎಸ್‌ಬಿ ಮಾಡ್ಯೂಲ್ ಶಿಫಾರಸು ಮಾಡಿತು. ಅಂಗಡಿಯ ಬಾಕ್ಸ್‌ಗೆ ಮಾತ್ರ ಅದು ಇಳಿದಿಲ್ಲ, ನಷ್ಟ ಗ್ರಾಹಕನದ್ದೇ. ಅದಕ್ಕೇ ಬಾಡಿಗೆಗೆ ಬಾಕ್ಸ್ ಕೊಡುತ್ತಾರಾ ಅಂತ ಮೊದಲು ಕೇಳಿ.

ಚಂದನ, ವಾರ್ತೆ ಸಾಕು ಅನ್ನುವವರಿಗೆ ದೂರದರ್ಶನದ ಉಚಿತ ಡಿಟಿಎಚ್ ಡಿಡಿ ಫ್ರೀ ಡಿಶ್ ಇದೆ, ಬೀಗದ ಗೋಜಿಲ್ಲ. ಯಾವ ಡಿಟಿಎಚ್ ಕಂಪನಿಯದ್ದೂ ಅಲ್ಲದ ಡಿವಿಬಿ-ಎಸ್2 (ಡಿವಿಬಿಯ ಉಪಗ್ರಹ ಮಾನದಂಡ), ಎಂಪೆಗ್-4 ಬಾಕ್ಸ್ ತಗೊಳ್ಳಿ. ಎಂಪೆಗ್-2 ಮಾತ್ರ ಓದುವ ಹಳೆಯದರಲ್ಲಿ ಹಲವು ಚಾನೆಲ್ ಕಾಣುವುದಿಲ್ಲ. ಹೊಸ ಟಿವಿ ಕೊಳ್ಳುವವರು ಹಿಂಬದಿ ನೋಡಿ: ತಿರುಪಿನ ಎಫ್ ಸಾಕೆಟ್ ಇದ್ದು, ವಿವರಪಟ್ಟಿಯಲ್ಲಿ ಡಿವಿಬಿ-ಎಸ್2 ಎಂದಿದ್ದರೆ ಬಾಕ್ಸೇ ಬೇಡ. ಒತ್ತಿ ಕೂರಿಸುವ ಆಂಟೆನಾ ಸಾಕೆಟ್ ಅದಲ್ಲ, ಇಲ್ಲೇ ಹೆಚ್ಚಿನವರು ಮೋಸಹೋಗುವುದು. ಇಂಥ ಟಿವಿಗೆ ಈಗ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಮಾನದಂಡವೂ ಇದೆ, ಐಎಸ್ 18112.

ಫ್ರೀ ಡಿಶ್ ಉಪಗ್ರಹ 93.5 ಡಿಗ್ರಿ ಪೂರ್ವ. ಶಿವಮೊಗ್ಗ ಸೀಮೆಯಿಂದ ದಿಕ್ಸೂಚಿಯಲ್ಲಿ ಸುಮಾರು 127 ಡಿಗ್ರಿ, ಅಂದರೆ ಆಗ್ನೇಯ, ಏರುಕೋನ (ನೆಲಮಟ್ಟದಿಂದ ಮೇಲಕ್ಕೆ) 64 ಡಿಗ್ರಿ. ಆ ದಿಕ್ಕಿನ ಅಡಿಕೆ ಮರ ಡಿಶ್‌ಗಿಂತ 12 ಮೀಟರ್ ಎತ್ತರವಿದ್ದರೆ ಕನಿಷ್ಠ 6 ಮೀಟರ್ ದೂರವಿರಬೇಕು, ಸೋಗೆ ತೂಗುವುದಕ್ಕೆ ಇನ್ನೊಂದೆರಡು ಮೀಟರ್ ಬಿಡಿ. ಬಾಕ್ಸ್‌ನ ಮೆನುವಿನಲ್ಲಿ ಎಲ್‌ಎನ್‌ಬಿ (ಡಿಶ್ ಮುಂದಿನ ಸಿಗ್ನಲ್ ಹಿಡಿಯುವ ಭಾಗ) ಯೂನಿವರ್ಸಲ್ 9750/10600, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ ಹುಡುಕಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆ ಬಂದರೆ ಡಿಶ್ ಬೇರೆ ಉಪಗ್ರಹ ನೋಡುತ್ತಿದೆ, ಇಲ್ಲವೇ ಸೆಟ್ಟಿಂಗ್ ತಪ್ಪಿದೆ. ಸಿಕ್ಕಮೇಲೆ ಎಲ್‌ಎನ್‌ಬಿಯನ್ನು ನಿಧಾನ ತಿರುಗಿಸುತ್ತ ಕ್ವಾಲಿಟಿ ಏರಿಸಿ. ಕೇಬಲ್ ಸಿಕ್ಕಿಸುವಾಗ ಬಾಕ್ಸ್ ಆಫ್ ಇರಲಿ. ಕೇಬಲ್‌ನಲ್ಲಿ 13 ವೋಲ್ಟ್ ಹರಿಯುತ್ತಿರುತ್ತದೆ, ಜಾಲರಿ ತಂತಿ ನಡುತಂತಿಗೆ ತಾಗಿದರೆ ಟ್ಯೂನರ್ ಹೋಗುತ್ತದೆ.

ಮಳೆಗಾಲದಲ್ಲಿ ಚಿತ್ರ ಒಡೆದು ಮಳೆ ನಿಂತಮೇಲೆ ಸರಿಹೋದರೆ ಅದು ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗಗಳ ಗುಣ, 60 ಸೆಂ.ಮೀ. ಬದಲು 90ರ ಡಿಶ್ ಹಾಕಿದರೆ ಸಿಗ್ನಲ್ ಸುಮಾರು 3.5 ಡೆಸಿಬಲ್ ಹೆಚ್ಚು ಸಿಗುತ್ತದೆ, ಅಂದರೆ ಎರಡು ಪಟ್ಟಿಗಿಂತ ತುಸು ಜಾಸ್ತಿ. ಬಿಸಿಲು ಬಂದರೂ ಸರಿಹೋಗದಿದ್ದರೆ ಎಫ್ ಕನೆಕ್ಟರ್ ಬಿಚ್ಚಿ ನೋಡಿ, ನೀರಿಳಿದು ಹಸಿರುಗಟ್ಟಿರುತ್ತದೆ. ಹೊಸದು ಹಾಕಿ, ಮೇಲೆ ರಬ್ಬರ್ ಟೇಪ್ ಎಳೆದು ಸುತ್ತಿ, ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಳುಕು ಬಿಡಿ.